ನಮ್ಮ ಮಾವನವರು ಸಿಗರೇಟು ಸೇದುತ್ತಿರಲಿಲ್ಲ

ಆ ಸೋಮವಾರವೂ ಎಂದಿನಂತೆ ಐದೂವರೆಗೆ ನಲ್ಲಿಯಲ್ಲಿ ಮೊದಲು ಗಾಳಿ ಬಂತು, ಆಮೇಲೆ ಗೊರಗೊರ ಸದ್ದು, ಆಮೇಲೆ ನೀರು. ನಾನು ಸಂಪಿನ ಮುಚ್ಚಳ ಸರಿಸಿ ನೋಡಿ, ಗೇಟಿಗೆ ಸಿಕ್ಕಿಸಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ಟು ತೆಗೆದುಕೊಂಡು, ಬಾಗಿಲಿಗೆ ನೀರು ಹಾಕಿ ಸಣ್ಣದೊಂದು ರಂಗೋಲಿ ಎಳೆದೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಅತ್ತೆ ಮಂಚದ ಮೇಲೆ ಕಾಲು ಚಾಚಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಮಗಳು ಒಂದು ಕಾಲಿನ ಸಾಕ್ಸು ಹುಡುಕುತ್ತಿದ್ದಳು. ಸಂಪು ತುಂಬಿತು, ಮೋಟಾರು ಹಾಕಿದೆ. ಏಳು ಗಂಟೆಗೆ ಸರಿಯಾಗಿ ಮಾವನವರು ಕಾಫಿ ಲೋಟ ಕೆಳಗಿಟ್ಟು, ಮಫ್ಲರು ಸುತ್ತಿಕೊಂಡು, ಇಂಥವರಿಗೆ ಎಂದಿಲ್ಲದೆ ಗೋಡೆಗೆ ಹೇಳಿದರು: “ಟ್ಯಾಂಕು ತುಂಬ್ತೋ ಏನೋ, ನೋಡ್ಕೊಂಡು ಬರ್ತೀನಿ.”

ನಾನು ಒಲೆ ಸಣ್ಣ ಮಾಡಿ, ಅವರೆಕಾಯಿಯ ಮೊರ ಎತ್ತಿಕೊಂಡು, ಅವರ ಹಿಂದೆಯೇ ಮೆಟ್ಟಿಲು ಹತ್ತಿದೆ. ಹೀಗೆ ಹತ್ತಲು ಶುರುಮಾಡಿ ಅಂದಿಗೆ ಮೂವತ್ತೆರಡು ದಿನವಾಗಿತ್ತು.

ಯಾಕೆ ಎಂದು ಹೇಳಬೇಕಾದರೆ ಮೊದಲು ಒಂದು ವಿಷಯ ತಿಳಿಸಬೇಕು. ನಮ್ಮ ಮಾವನವರು ಸಿಗರೇಟು ಸೇದುತ್ತಿರಲಿಲ್ಲ. ಅಂದರೆ, ನಲವತ್ತು ವರ್ಷದಿಂದ ಸೇದುತ್ತಿದ್ದರು, ಆದರೆ ಸೊಸೆಯಾದ ನನ್ನ ಮಟ್ಟಿಗೆ ಸೇದುತ್ತಿರಲಿಲ್ಲ. ಸೊಸೆಯ ಎದುರಿಗೆ ಹೊಗೆ ಬಿಡುವುದು ಅವರ ಮನೆತನದಲ್ಲಿ ಬನಿಯನ್ನಿನಲ್ಲಿ ಮದುವೆಗೆ ಹೋದಷ್ಟೇ ಅನಾಚಾರ. ಹಾಗಾಗಿ ನಾನು ಆ ಮನೆಗೆ ಕಾಲಿಟ್ಟ ದಿನದಿಂದ ಸಿಗರೇಟು ಮಹಡಿಯ ಮೇಲೆ, ನೀರಿನ ಟ್ಯಾಂಕಿನ ಹಿಂದಕ್ಕೆ ಹೋಯಿತು. ಹದಿನಾಲ್ಕು ವರ್ಷ ಅವರು ಅದನ್ನು ನನಗೆ ತೋರಿಸಲಿಲ್ಲ. ಹದಿನಾಲ್ಕು ವರ್ಷ ನಾನೂ ಅದನ್ನು ನೋಡಲಿಲ್ಲ. ಟ್ಯಾಂಕಿನ ಹಿಂದೆ ಬಿದ್ದಿರುತ್ತಿದ್ದ ತುಂಡುಗಳನ್ನು ಒಣಗಿದ ಎಲೆಗಳ ಜೊತೆ ಗುಡಿಸಿ ಹಾಕುತ್ತಿದ್ದೆ. ಅಡುಗೆಮನೆಯ ಬೆಂಕಿಪೊಟ್ಟಣ ಮಾಯವಾದರೆ ಇನ್ನೊಂದು ತೆಗೆದಿಡುತ್ತಿದ್ದೆ. ಮಗಳು ಮೂರು ವರ್ಷದವಳಿದ್ದಾಗ ಒಮ್ಮೆ ಸೀಮೆಸುಣ್ಣವನ್ನು ಎರಡು ಬೆರಳ ನಡುವೆ ಹಿಡಿದು, ಕಣ್ಣು ಕಿರಿದು ಮಾಡಿ, “ನಾನು ತಾತ” ಎಂದಳು. ನಾವು ನಾಲ್ಕು ಜನ ದೊಡ್ಡವರೂ ಮಗುವಿನ ಮಾತು ಯಾರಿಗೆ ಅರ್ಥವಾಗುತ್ತದೆ ಎನ್ನುವ ಮುಖ ಮಾಡಿಕೊಂಡು ಕುಳಿತೆವು.

ಬೆನ್ಸನ್ ಟೌನಿನ ಕಡೆಯ ನನ್ನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಎರಡು ವಿಷಯಗಳನ್ನು ತಲೆಗೆ ಚೆನ್ನಾಗಿ ತುಂಬಿದ್ದರು. ಒಂದು, ಬೇರೆಯವರಿಗೆ ಮುಜುಗರ ಆಗುವುದನ್ನು ಕಂಡರೂ ಕಾಣದಂತಿರುವುದು. ಇನ್ನೊಂದು, ಸುಳ್ಳು ಹೇಳದಿರುವುದು. ಮದುವೆಯಾದ ಮೇಲೆ ಮೊದಲನೆಯದು ದಿನಾಲೂ ಉಪಯೋಗಕ್ಕೆ ಬಂತು.

ಆ ವರ್ಷ ಮಾವನವರಿಗೆ ತೊಡೆಸಂದಿಯಲ್ಲಿ ಹರ್ನಿಯಾ ಆಯಿತು. ಸೊಸೆಯ ಎದುರಿಗೆ ಹೆಸರು ಹೇಳಲಾಗದ ವಸ್ತುಗಳ ಪಟ್ಟಿಗೆ ಇದು ಎರಡನೆಯದಾಗಿ ಸೇರಿಕೊಂಡಿತು. ನನ್ನ ಯಜಮಾನರು ಕರೆದುಕೊಂಡು ಹೋದ ಎರಡು ಸಲವೂ ಸರ್ಜನ್ನರು ವಾಪಸು ಕಳಿಸಿದ್ದರು. “ಈ ಕೆಮ್ಮು ಇಟ್ಕೊಂಡು ಆಪರೇಷನ್ ಮಾಡಿದ್ರೆ ಹೊಲಿಗೆ ನಿಲ್ಲಲ್ಲ. ಒಂದು ತಿಂಗಳು ಪೂರ್ತಿ ಸಿಗರೇಟು ಬಿಟ್ಟು, ಕೆಮ್ಮು ಇಳಿಸ್ಕೊಂಡು ಬನ್ನಿ” ಎಂದಿದ್ದರು. ತಡಮಾಡಿದರೆ ಒಂದು ದಿನ ಕರುಳು ಸಿಕ್ಕಿಹಾಕಿಕೊಂಡು ಆಸ್ಪತ್ರೆಗೆ ಓಡುವಷ್ಟೂ ವ್ಯವಧಾನ ಇರುವುದಿಲ್ಲ ಎಂದೂ ಹೇಳಿದ್ದರು. ಆಗಲೇ ಒಂದು ಸಂಜೆ ಮಾವನವರು ನೋವಿನಿಂದ ಬಚ್ಚಲಿನ ಬಾಗಿಲು ಹಿಡಿದು ಬೆವರಿಬಿಟ್ಟಿದ್ದರು. ಅದನ್ನು ನೋಡಿದ ಮೇಲೆ ನನಗೆ ಮನೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ.

ನನ್ನ ಯಜಮಾನರನ್ನು ಅವರ ಆಫೀಸಿನವರು ಮೂರು ತಿಂಗಳ ತರಬೇತಿಗೆ ಹೈದರಾಬಾದಿಗೆ ಹಾಕಿದ್ದರು. ಹೊರಡುವ ದಿನ ಸೂಟ್‌ಕೇಸಿನ ಬೆಲ್ಟು ಬಿಗಿಯುತ್ತಾ ಮೆಲ್ಲಗೆ ಹೇಳಿದರು: “ಅಪ್ಪಂದು... ಅದು... ನೀನೇ ಸ್ವಲ್ಪ ನೋಡ್ಕೋ.”

“ಯಾವುದು?”

“ಅದೇ.”

“ಅದಾ, ಇದಾ?”

“ಎರಡೂ,” ಎಂದು ಆಟೋ ಹತ್ತಿಬಿಟ್ಟರು.

ಅತ್ತೆಯನ್ನು ಕೇಳಿದೆ. ಅವರ ಎದುರಿಗೆ ಸೇದಲು ಮಾವನವರಿಗೆ ಯಾವ ಸಂಕೋಚವೂ ಇರಲಿಲ್ಲ. “ನಾನು ನಲವತ್ತು ವರ್ಷ ಹೇಳಿದೀನಿ ಕಣೆ,” ಎಂದರು ಅತ್ತೆ. “ಈ ಗೋಡೆಗೆ ಅಷ್ಟು ಹೇಳಿದ್ರೆ ಗೋಡೆನಾದ್ರೂ ಬಿಟ್ಟಿರ್ತಿತ್ತು.”

ಉಪಾಯ ನನಗೆ ಹೊಳೆದದ್ದು ಒಣಗಿದ ಬಟ್ಟೆ ತರಲು ಹೋದಾಗ. ಅಂದು ಯಾಕೋ ಸದ್ದಿಲ್ಲದೆ ಹತ್ತಿದ್ದೆ. ಮಾವನವರು ಟ್ಯಾಂಕಿನ ಪಕ್ಕದಲ್ಲಿ ನಿಂತಿದ್ದವರು ನನ್ನನ್ನು ಕಂಡೊಡನೆ ಬಲಗೈ ಬೆನ್ನ ಹಿಂದಕ್ಕೆ ಒಯ್ದರು. ನಾನು ಕಾಣದವಳಂತೆ ಬಟ್ಟೆ ತೆಗೆಯಲು ನಿಂತೆ. ಅಂದು ಬೆಡ್‌ಶೀಟುಗಳೂ ಇದ್ದವು. ಒಂದೊಂದನ್ನೂ ಅಂಚಿಗೆ ಅಂಚು ಕೂಡಿಸಿ ಮಡಿಸುವುದು ನನ್ನ ಅಭ್ಯಾಸ. ನಾಲ್ಕನೆಯ ಬೆಡ್‌ಶೀಟಿನ ಹೊತ್ತಿಗೆ ಮಾವನವರು, “ಹವಾ ಚೆನ್ನಾಗಿದೆ ಇವತ್ತು,” ಎಂದರು. ಕಣ್ಣಲ್ಲಿ ನೀರಿತ್ತು. ಸಿಗರೇಟು ಬೆರಳಿನವರೆಗೂ ಉರಿದು ಬಂದಿತ್ತೆಂದು ಕಾಣುತ್ತದೆ. ಕೆಳಗೆ ಇಳಿಯುವಾಗ ಲೆಕ್ಕ ಹಾಕಿದೆ: ನಾನು ಅಲ್ಲಿದ್ದ ಅಷ್ಟು ಹೊತ್ತೂ ಒಂದು ದಮ್ಮೂ ಒಳಗೆ ಹೋಗಿರಲಿಲ್ಲ. ಬೈಯಬೇಕಿಲ್ಲ, ಬೇಡಬೇಕಿಲ್ಲ, ನಾನು ಸುಮ್ಮನೆ ಅಲ್ಲಿ ಇದ್ದರೆ ಸಾಕು.

ಮಾವನವರು ಕಾರ್ಖಾನೆಯ ಟೂಲ್ ರೂಮಿನಿಂದ ನಿವೃತ್ತರಾಗಿ ಆರು ವರ್ಷವಾಗಿತ್ತು. ಆದರೂ ಅವರ ಮೈ ಇನ್ನೂ ಸೈರನ್ನಿನ ಪ್ರಕಾರವೇ ನಡೆಯುತ್ತಿತ್ತು. ಬೆಳಿಗ್ಗೆ ಏಳು, ಹತ್ತು, ಮಧ್ಯಾಹ್ನ ಒಂದೂವರೆ, ನಾಲ್ಕು, ಸಂಜೆ ಆರು. ಅಷ್ಟು ಸಲ ನಮ್ಮ ಟ್ಯಾಂಕಿನ ಯೋಗಕ್ಷೇಮ ವಿಚಾರಿಸಲಾಗುತ್ತಿತ್ತು. ಹಲಸೂರಿನಲ್ಲಿ ಅಷ್ಟು ಕಾಳಜಿಯಿಂದ ನೋಡಿಕೊಂಡ ಟ್ಯಾಂಕು ಇನ್ನೊಂದಿರಲಾರದು. ಐದು ಸಲವೂ ನಾನು ಹಿಂದೆ ಹೋಗಬೇಕು. ಪೇಪರು ತರಲು ಹೋದರೆ ಮಗಳು ಜೊತೆಗೆ. ಆದರೆ ಐದು ಸಲ ಒಣಗಿಸುವಷ್ಟು ಬಟ್ಟೆ ಯಾರ ಮನೆಯಲ್ಲಿದೆ? ಮೊದಲ ದಿನವೇ ಒಗೆದ ಟವೆಲ್ಲುಗಳನ್ನು ಮತ್ತೆ ಒಗೆದೆ.

ಆಗ ಕೈ ಹಿಡಿದದ್ದು ಅವರೆಕಾಯಿ. ಹಲಸೂರು ಮಾರ್ಕೆಟ್ಟಿಗೆ ಸೊಗಡಿನ ಕಾಯಿ ಗುಡ್ಡೆಗುಡ್ಡೆ ಬಂದು ಬಿದ್ದಿತ್ತು. ಕಾಯಿ ಬಿಡಿಸಬೇಕು, ಕಾಳು ನೆನೆಸಬೇಕು, ಆಮೇಲೆ ಒಂದೊಂದೇ ಕಾಳನ್ನು ಬೆರಳಲ್ಲಿ ಹಿತಕಿ ಸಿಪ್ಪೆಯಿಂದ ಬೇಳೆ ಹಾರಿಸಬೇಕು. ಮುಗಿಯಿತು ಎನ್ನುವುದೇ ಇಲ್ಲ. ಎರಡನೆಯ ದಿನ ಮೊರವನ್ನು ಟ್ಯಾಂಕಿನ ಪಕ್ಕಕ್ಕೇ ಇಟ್ಟುಕೊಂಡು ಕುಳಿತೆ. ಮಾವನವರು ಹತ್ತು ನಿಮಿಷ ಆಕಾಶ ನೋಡಿದರು. ಬೆರಳುಗಳು ಒಂದನ್ನೊಂದು ಉಜ್ಜಿಕೊಳ್ಳುತ್ತಿದ್ದವು. ಕೊನೆಗೆ, “ಕೊಡಮ್ಮ ಇಲ್ಲಿ, ನೀನು ಜಾಸ್ತಿ ಅದುಮ್ತೀಯ, ಬೇಳೆ ಮುರಿಯುತ್ತೆ,” ಎಂದು ಕುಳಿತರು. ಟೂಲ್ ರೂಮಿನಲ್ಲಿ ಕೂದಲೆಳೆಯ ಅಳತೆ ನೋಡಿದವರ ಕೈ ಅದು. ಮೂರು ಬಟ್ಟಲು ಇಟ್ಟುಕೊಂಡು ದಪ್ಪದ್ದು, ಮಧ್ಯಮ, ಸಣ್ಣದು ಎಂದು ಬೇರೆ ಮಾಡಿದರು. ನಾನು ಹಿತಕಿದ ಒಂದು ಬೇಳೆಯನ್ನು ಬೆಳಕಿಗೆ ಹಿಡಿದು, “ಇದು ರಿಜೆಕ್ಟು,” ಎಂದರು.

ಆದರೆ ಅದೇ ಮಧ್ಯಾಹ್ನ ಒಂದು ಅವಘಡವಾಯಿತು. ಮಗಳು ಶಾಲೆಯಲ್ಲಿದ್ದಳು. ಮಾವನವರು ಹಳೆಯ ಸ್ನೇಹಿತರೊಬ್ಬರನ್ನು ನೋಡಿಕೊಂಡು ಬರುತ್ತೇನೆಂದು ಕೆ.ಆರ್. ಪುರದ ಬಸ್ಸು ಹತ್ತಿದರು. ಸಂಜೆ ಬಂದಾಗ ಷರ್ಟಿನ ಜೇಬಿನಲ್ಲಿ ಅಡಿಕೆಯಷ್ಟು ಅಗಲದ ತೂತು. “ಟಿನ್ ಫ್ಯಾಕ್ಟರಿ ಬಸ್ ಸ್ಟಾಪ್ ಹತ್ರ ವೆಲ್ಡಿಂಗ್ ಮಾಡ್ತಿದ್ರು, ಕಿಡಿ ಹಾರ್ತು,” ಎಂದರು. ಅರ್ಧ ಗಂಟೆಯಲ್ಲಿ ಪಕ್ಕದ ಮನೆಯ ಆಂಟಿ ಬಂದರು. ತಮಿಳು ಮನೆಮಾತಿನವರು. ಅವರ ಮಹಡಿಗೂ ನಮ್ಮ ಮಹಡಿಗೂ ನಡುವೆ ಸೊಂಟದೆತ್ತರದ ಗೋಡೆ ಅಷ್ಟೇ.

“ಏನ್ ಮಾ, ನಿಮ್ ಮಾವ ಚೆನ್ನಾಗಿದಾರಾ?” ಎಂದು ಸ್ವರ ಇಳಿಸಿದರು. “ತಂಗಿ ಮನೆಗೆ ಹೋಗಣ ಅಂತ ಟಿನ್ ಫ್ಯಾಕ್ಟರೀಲಿ ಇಳಿದ್ರೆ, ಅಲ್ಲಿ ನಿಂತಿದಾರೆ, ಈಗಷ್ಟೇ ಹಚ್ಕೊಂಡು. ನಾನ್ ಸುಮ್ನೆ ‘ನಮಸ್ಕಾರ ಸಾರ್’ ಅಂದೆ ಮಾ. ಅಯ್ಯೋ! ಉರೀತಾ ಇರೋದನ್ನ ಹಂಗೇ ಜೇಬಿಗೆ ಹಾಕ್ಬಿಟ್ಟು ಕೈ ಮುಗಿದ್ರು. ಎದೆಯಿಂದ ಹೊಗೆ ಬರ್ತಾ ಇದೆ, ಇವ್ರು ‘ಮಕ್ಕಳೆಲ್ಲ ಆರಾಮಾ’ ಅಂತ ಕೇಳ್ತಾ ಇದಾರೆ!”

ನಾನು ಆ ತೂತನ್ನು ಕಾನ್ವೆಂಟಿನಲ್ಲಿ ಕಲಿತ ರಫೂ ಹಾಕಿ ಎಳೆಗೆ ಎಳೆ ಸೇರಿಸಿ ಮುಚ್ಚಿದೆ. ಒಂದು ತಿಂಗಳ ಎಣಿಕೆಯನ್ನು ಮಾತ್ರ ಮನಸ್ಸಿನಲ್ಲಿ ಮರುದಿನದಿಂದ ಮತ್ತೆ ಶುರುಮಾಡಿಕೊಂಡೆ. ನಮ್ಮ ಓಣಿಯ ಹೆಂಗಸರು ಬೆಂಗಳೂರಿನ ಯಾವ ಬಸ್ ಸ್ಟಾಪಿನಲ್ಲಾದರೂ ಇಳಿಯಬಹುದು ಎನ್ನುವುದು ಮಾವನವರಿಗೆ ಮನವರಿಕೆಯಾಗಿರಬೇಕು, ಆಮೇಲೆ ಅವರು ದೂರ ಎಲ್ಲೂ ಹೋಗಲಿಲ್ಲ.

ಮೊದಲ ವಾರ ಅವರು ಸಿಡಿಮಿಡಿಯಾಗಿದ್ದರು. ಉಪ್ಪಿಟ್ಟಿಗೆ ಉಪ್ಪು ಹೆಚ್ಚು, ರೇಡಿಯೋದವನ ಉಚ್ಚಾರ ಸರಿಯಿಲ್ಲ, ಕ್ಯಾಲೆಂಡರು ಸೊಟ್ಟಗೆ ನೇತಾಡುತ್ತಿದೆ. ನಾನು ಏಲಕ್ಕಿ, ಲವಂಗ, ಒಣ ನೆಲ್ಲಿಕಾಯಿ ತುಂಬಿದ ಡಬ್ಬಿಯನ್ನು ಯಾರದೋ ಮರೆತುಹೋದ ವಸ್ತುವಿನ ಹಾಗೆ ಟ್ಯಾಂಕಿನ ಮೇಲೆ ಬಿಟ್ಟು ಬರುತ್ತಿದ್ದೆ. ಅದು ಖಾಲಿಯಾಗುತ್ತಿತ್ತು. ನಮ್ಮ ಮನೆಯಲ್ಲಿ ಬೆಳಿಗ್ಗೆ ಅವರೆಕಾಳಿನ ರೊಟ್ಟಿ, ಮಧ್ಯಾಹ್ನ ಹಿತಕಿದ ಬೇಳೆ ಸಾರು, ಸಂಜೆ ಉಸಲಿ. ಮಗಳು ಊಟಕ್ಕೆ ಕುಳಿತಾಗಲೆಲ್ಲ “ಮತ್ತೆ ಅದೇನಾ?” ಎನ್ನುತ್ತಿದ್ದಳು. ಮಿಕ್ಕಿದ ಬೇಳೆ ಓಣಿಯ ಆರು ಮನೆಗೆ ಹೋಯಿತು. ಇಷ್ಟು ನಯವಾಗಿ ಹಿತಕುವವರು ಇದ್ದಾರೆಂದು ಗೊತ್ತಾದ ಮೇಲೆ ಆಂಟಿ ತಮ್ಮ ಮನೆಯ ಕಾಳನ್ನೂ ಗೋಡೆಯ ಮೇಲಿಂದ ದಾಟಿಸತೊಡಗಿದರು. ಮೂರನೆಯ ವಾರಕ್ಕೆ ಕೆಮ್ಮು ಇಳಿಯಿತು. ಬೆಳಿಗ್ಗೆ ನಾನು ಅವರ ಕೆಮ್ಮಿಗೆ ಏಳುತ್ತಿದ್ದವಳು ಈಗ ಅಲಾರಾಂ ಇಟ್ಟುಕೊಳ್ಳಬೇಕಾಯಿತು.

ಹೊಸ ಎಣಿಕೆಯಲ್ಲಿ ಆ ಸೋಮವಾರಕ್ಕೆ ಮೂವತ್ತು ದಿನ ತುಂಬಿತ್ತು. ಮಹಡಿಯ ಮೇಲೆ ಮಾವನವರು ಅವರೆಕಾಯಿ ಮುಟ್ಟಲಿಲ್ಲ. “ಇವತ್ತಲ್ವೇನಮ್ಮ... ಅದು?” ಎಂದರು. “ಹೌದು ಮಾವ, ಹನ್ನೊಂದಕ್ಕೆ.” ಇಡೀ ತಿಂಗಳಲ್ಲಿ ಆ ವಿಷಯವಾಗಿ ನಾವು ಆಡಿದ ಅತಿ ದೀರ್ಘ ಮಾತುಕತೆ ಅದು.

ಅತ್ತೆಗೆ ಮಂಡಿನೋವು, ಹಾಗಾಗಿ ಆಸ್ಪತ್ರೆಗೆ ನಾವಿಬ್ಬರೇ ಹೋದೆವು. ಸರ್ಜನ್ನರು ಆಪರೇಷನ್ ಥಿಯೇಟರಿನಲ್ಲಿದ್ದರು. ಮೊದಲು ಅರಿವಳಿಕೆ ಮದ್ದು ಕೊಡುವ ಡಾಕ್ಟರು ನೋಡಿ ಫಿಟ್ ಎಂದು ಬರೆಯಬೇಕು, ಆಮೇಲೆ ದಿನ ಗೊತ್ತು ಮಾಡುತ್ತಾರೆ ಎಂದರು. ಆ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಚುರುಕು. ಫೈಲು ಬಿಡಿಸಿಕೊಂಡು ಕೇಳಿದರು: “ಎಷ್ಟು ವರ್ಷ ಸ್ಮೋಕ್ ಮಾಡಿದ್ದೀರ ಅಂಕಲ್?”

ಮಾವನವರು ಒಮ್ಮೆ ನನ್ನ ಕಡೆ ನೋಡಿದರು.

“ನಾನಾ? ಛೆ ಛೆ. ನಮಗೆ ಆ ಅಭ್ಯಾಸ ಇಲ್ಲಮ್ಮ.”

“ಬೀಡಿ, ಸಿಗರೇಟು, ಯಾವ್ದೂ ಇಲ್ವಾ?”

“ನಮ್ಮನೇಲಿ ಯಾರಿಗೂ ಇಲ್ಲ.”

ಡಾಕ್ಟರು ಹಾಳೆ ತಿರುಗಿಸಿದರು. “ಇಲ್ಲಿ ನಲವತ್ತು ವರ್ಷ, ದಿನಕ್ಕೆ ಹತ್ತು ಅಂತ ಬರ್ದಿದಾರಲ್ಲ?”

“ಬೇರೆಯವರದ್ದಿರಬೇಕು.”

“ಸರಿ. ಹರ್ನಿಯಾ ಯಾವ ಕಡೆ? ಎಡಕ್ಕಾ, ಬಲಕ್ಕಾ?”

ಮಾವನವರ ಕಿವಿ ಕೆಂಪಾಯಿತು. “ಒಟ್ಟಾರೆ ಹೊಟ್ಟೆ,” ಎಂದರು.

ಡಾಕ್ಟರು ಪೆನ್ನು ಕೆಳಗಿಟ್ಟರು. “ಸಿಸ್ಟರ್, ಇದು ಇವ್ರ ಫೈಲ್ ಅಲ್ಲ. ಇದೇ ಹೆಸರಿನ ಇನ್ನೊಬ್ರು ಪೇಷೆಂಟ್ ಇರ್ಬೇಕು, ಹುಡುಕಿ. ಸರಿಯಾದ ಫೈಲ್ ಸಿಗೋವರೆಗೂ ನಾನು ಫಿಟ್ನೆಸ್ ಕೊಡಲ್ಲ. ಗುರುವಾರದ ಆಪರೇಷನ್ ಡೇಟು ಆಚೆ ಕೂತಿರೋರಿಗೆ ಕೊಡಿ.”

ಮೂವತ್ತು ದಿನದ ಅವರೆಕಾಯಿ ನನ್ನ ಕಣ್ಣ ಮುಂದೆ ಬಂತು. ನಾನು ಕುರ್ಚಿಯಲ್ಲಿ ಇರುವವರೆಗೆ ಮಾವನವರು ಹುಟ್ಟಿದಾಗಿನಿಂದ ಸಿಗರೇಟು ಮುಟ್ಟದವರೇ, ಮತ್ತು ಅವರಿಗೆ ಎಡ ಬಲ ಇರುವುದೂ ಸಾಧ್ಯವಿಲ್ಲ. “ನಾನು ಸ್ವಲ್ಪ ಹೊರಗಿರ್ತೀನಿ,” ಎಂದು ಎದ್ದೆ. ಬಾಗಿಲು ಪೂರ್ತಿ ಮುಚ್ಚಿಕೊಳ್ಳುವ ಮೊದಲೇ ಒಳಗಿನಿಂದ ಮಾವನವರ ಧ್ವನಿ ಧಾರಾಳವಾಗಿ ಹರಿಯಿತು: “ಬಲಗಡೆ ಮೇಡಂ. ಸಿಗರೇಟು ನಲವತ್ತೊಂದು ವರ್ಷ. ಟೂಲ್ ರೂಮಿಗೆ ಸೇರಿದ ಮೊದಲನೇ ವಾರ ನಮ್ಮ ಫೋರ್‌ಮನ್ನು...”

ಗೆದ್ದೆ ಎಂದುಕೊಂಡು ಬೆಂಚಿನ ಮೇಲೆ ಕುಳಿತೆ. ಐದು ನಿಮಿಷಕ್ಕೆ ನರ್ಸು ಬಂದು ನನ್ನನ್ನು ಮತ್ತೆ ಒಳಗೆ ಕರೆದರು.

“ನೋಡಿ ಮೇಡಂ,” ಎಂದರು ಡಾಕ್ಟರು. “ಮೊದ್ಲು ಸೇದೇ ಇಲ್ಲ ಅಂದ್ರು. ಈಗ ನಲವತ್ತೊಂದು ವರ್ಷ ಸೇದಿ, ಒಂದು ತಿಂಗಳ ಹಿಂದೆ ಬಿಟ್ಟೆ ಅಂತಾರೆ. ನಾನು ಯಾವುದನ್ನ ನಂಬ್ಲಿ? ಮನೆಯವ್ರು ಹೇಳ್ಬೇಕು. ನಿಜವಾಗ್ಲೂ ಬಿಟ್ಟಿದಾರಾ? ಸುಳ್ಳು ಹೇಳಿದ್ರೆ ಒದ್ದಾಡೋದು ಇವ್ರೇ.”

ಮಾವನವರು ಗೋಡೆಯ ಮೇಲಿನ ಪೋಲಿಯೋ ಲಸಿಕೆಯ ಚಿತ್ರವನ್ನು ತುಂಬ ಆಸಕ್ತಿಯಿಂದ ನೋಡುತ್ತಿದ್ದರು. ಬಿಟ್ಟಿದ್ದಾರೆ ಎಂದು ಹೇಳಬೇಕಾದರೆ ಸೇದುತ್ತಿದ್ದರು ಎಂದು ಹೇಳಬೇಕು. ಹದಿನಾಲ್ಕು ವರ್ಷ ಕಂಡೂ ಕಾಣದಂತಿದ್ದದ್ದನ್ನು ಅವರ ಮುಂದೆಯೇ ಬಾಯಿಬಿಟ್ಟು ಹೇಳಬೇಕು. ಎದ್ದು ನಿಂತು, ಶಾಲೆಯಲ್ಲಿ ಉತ್ತರ ಹೇಳುವವಳ ಹಾಗೆ ಶುರುಮಾಡಿದೆ.

“ದಿನಕ್ಕೆ ಹತ್ತಲ್ಲ ಡಾಕ್ಟ್ರೇ, ಹನ್ನೆರಡು. ಮಹಡಿ ಮೇಲೆ ಐದು ಸಲ, ಸಲಕ್ಕೆ ಎರಡೆರಡು. ಪೇಪರ್ ತರಕ್ಕೆ ಹೋದಾಗ ಒಂದು, ವಾಪಸ್ ಬರ್ತಾ ಒಂದು. ಹಬ್ಬದ ದಿನ ನೆಂಟ್ರು ಬಂದ್ರೆ ಹದಿನಾಲ್ಕು. ಮೂವತ್ತು ದಿನದ ಹಿಂದೆ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಲ್ಲಿ ಒಂದು ಹಚ್ಚಿದ್ರು, ಅದನ್ನ ಪೂರ್ತಿ ಸೇದಲಿಲ್ಲ. ಆಮೇಲೆ ಒಂದೂ ಇಲ್ಲ. ನಾನು ಜೊತೆಗೇ ಇದ್ದೆ.”

“ಅದು ವೆಲ್ಡಿಂಗ್ ಕಿಡಿ—” ಎಂದು ಮಾವನವರು ಅಭ್ಯಾಸಬಲದಿಂದ ಬಾಯಿ ತೆರೆದು, ಹಾಗೆಯೇ ಮುಚ್ಚಿಕೊಂಡರು.

ಡಾಕ್ಟರು ನಗು ತಡೆಯಲು ಸ್ಟೆತಸ್ಕೋಪು ಕಿವಿಗೆ ಹಾಕಿಕೊಂಡರು. ಎದೆ, ಬೆನ್ನು, ಮತ್ತೆ ಎದೆ. “ಕೆಮ್ಮಿ ಅಂಕಲ್.” ಮಾವನವರು ಕೆಮ್ಮಲು ನೋಡಿದರು, ಸರಿಯಾಗಿ ಬರಲಿಲ್ಲ. ನಲವತ್ತು ವರ್ಷ ಕೇಳದೆಯೇ ಬರುತ್ತಿದ್ದದ್ದು ಕೇಳಿದಾಗ ಬರಲಿಲ್ಲ. ಡಾಕ್ಟರು ಫೈಲಿನಲ್ಲಿ ಫಿಟ್ ಎಂದು ಬರೆದರು. “ಗುರುವಾರ ಬನ್ನಿ. ಅಲ್ಲೀವರೆಗೂ ಒಂದೂ ಸೇದಬಾರ್ದು, ಒಂದೇ ಒಂದೂ.”

ಆಟೋ ಹಲಸೂರು ಕೆರೆಯ ಬಳಿಗೆ ಬಂತು. ಆಗ ಮಾವನವರು ಡ್ರೈವರಿನ ಬೆನ್ನನ್ನೇ ನೋಡುತ್ತಾ ಕೇಳಿದರು: “ಯಾವಾಗಿಂದ ಗೊತ್ತಿತ್ತಮ್ಮ?”

“ಮದುವೆ ದಿನದಿಂದ ಮಾವ. ಛತ್ರದ ಹಿಂದೆ ನೀವು ಅಡುಗೆ ಭಟ್ಟರ ಹತ್ರ ಬೆಂಕಿ ಕೇಳ್ತಾ ಇದ್ರಿ. ನಾನು ಕೈ ತೊಳೆಯಕ್ಕೆ ಬಂದಿದ್ದೆ.”

ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. “ಹದಿನಾಲ್ಕು ವರ್ಷ! ಮಳೆಗಾಲದಲ್ಲಿ ಕೊಡೆ ಹಿಡ್ಕೊಂಡು ಆ ಟ್ಯಾಂಕ್ ಹಿಂದೆ ನಿಂತಿದ್ದೀನಲ್ಲಮ್ಮ ನಾನು! ಒಂದು ಮಾತು ಹೇಳ್ಬಾರ್ದಾ?”

“ಹೇಳಿದ್ರೆ ನೀವು ಒಳಗೇ ಕೂತು ಸೇದ್ತಿದ್ರಿ ಮಾವ.”

“ಅದೂ ನಿಜ,” ಎಂದು ಒಪ್ಪಿಕೊಂಡರು. ಡ್ರೈವರ್ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ ದಾರಿಯ ಕಡೆ ತಿರುಗಿದ.

ಅವರಿಗೇನೋ ಹಗುರವಾದಂತಿತ್ತು. ನನಗೆ ಮಾತ್ರ ಮನೆ ಹತ್ತಿರ ಬಂದಷ್ಟೂ ಎದೆ ಭಾರವಾಯಿತು. ನನ್ನ ಬಳಿ ಇದ್ದದ್ದು ಒಂದೇ ಔಷಧ. ಸೊಸೆಗೆ ಗೊತ್ತಿಲ್ಲ ಎನ್ನುವುದು. ಅದನ್ನು ನಾನೇ ಡಾಕ್ಟರ ಮೇಜಿನ ಮೇಲೆ ಸುರಿದು ಬಂದಿದ್ದೆ. ಇನ್ನು ಅವರು ಯಾರಿಗೆ ನಾಚಬೇಕು? ಗುರುವಾರಕ್ಕೆ ಇನ್ನೂ ಮೂರು ದಿನವಿತ್ತು. ಅತ್ತೆಗೆ ಹೇಳಿದರೆ, “ಗೊತ್ತಾಯ್ತಲ್ಲ, ಇನ್ಮೇಲೆ ಹಾಲ್‌ನಲ್ಲೇ ಕೂತು ಊದ್ತಾರೆ ಬಿಡು,” ಎಂದು ಮಗ್ಗುಲು ಬದಲಿಸಿದರು.

ನಾಲ್ಕು ಗಂಟೆಗೆ ಮಾವನವರು ಏಳಲಿಲ್ಲ, ಆಯಾಸದಿಂದ ಮಲಗಿದ್ದರು. ಆರು ಗಂಟೆಗೆ ಎದ್ದು, ಮಫ್ಲರು ಸುತ್ತಿಕೊಂಡು, ಈ ಸಲ ಟ್ಯಾಂಕಿನ ಹೆಸರೂ ಎತ್ತದೆ ಮೆಟ್ಟಿಲು ಹತ್ತಿದರು. ನಾನು ಮೊರ ಹಿಡಿದು ಹಿಂದೆ ಹೋದೆ. ಹೋಗಿ ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಆಂಟಿ ಪಕ್ಕದ ಮಹಡಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಕೆಳಗೆ ಅವರ ಬಾಗಿಲ ಮೆಟ್ಟಿಲ ಮೇಲೆ ಅವರ ಯಜಮಾನರು ಎಂದಿನಂತೆ ಬನಿಯನ್ನಿನಲ್ಲಿ ಕುಳಿತು ಬೀಡಿ ಸೇದುತ್ತಿದ್ದರು. ಆಂಟಿ ಬಗ್ಗಿ ಅವರಿಗೆ ತಮಿಳಿನಲ್ಲಿ ಏನೋ ಬೈದರು. ಅವರು ರೇಡಿಯೋ ಕೇಳುವವರ ಹಾಗೆ ಕೇಳಿಸಿಕೊಂಡರು.

ಮಾವನವರು ಟ್ಯಾಂಕಿನ ಕೆಳಗಿನ ಇಟ್ಟಿಗೆಯ ಸಂದಿಗೆ ಕೈ ಹಾಕಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪ್ಯಾಕು ಹೊರತೆಗೆದರು. ಒಳಗೆ ಮೂರಿದ್ದವು. ಮೂವತ್ತು ದಿನ ನಾನು ಅದರಿಂದ ಎರಡು ಗೇಣು ದೂರದಲ್ಲಿ ಕುಳಿತು ಅವರೆಕಾಯಿ ಬಿಡಿಸಿದ್ದೆ! ಅವರು ಒಂದನ್ನು ಹೊರಗೆಳೆದು ಬೆರಳ ನಡುವೆ ಇಟ್ಟುಕೊಂಡರು. ಬೆಂಕಿಪೊಟ್ಟಣ ನಮ್ಮ ಅಡುಗೆಮನೆಯದೇ. ನನ್ನ ಎದುರಿಗೇ, ರಾಜಾರೋಷವಾಗಿ. ಹದಿನಾಲ್ಕು ವರ್ಷದಲ್ಲಿ ನಾನು ಅವರ ಕೈಯಲ್ಲಿ ಸಿಗರೇಟನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು. ಸುಮ್ಮನೆ ಕುಳಿತು ಒಂದು ಕಾಯಿ ಬಿಡಿಸಿದೆ. ಇನ್ನೊಂದು ಬಿಡಿಸಿದೆ.

ಕಡ್ಡಿ ಗೀರಿದರು. ಉರಿ ಬಂತು. ನನ್ನ ಕಡೆ ನೋಡಿದರು. ಕಡ್ಡಿ ಆರಿತು. ಎರಡನೆಯದು ಗೀರಿದರು. ಪಕ್ಕಕ್ಕೆ ತಿರುಗಿ ನಿಂತರು. ಆ ಕಡೆ ಆಂಟಿ ಇದ್ದರು. ಪೂರ್ತಿ ಬೆನ್ನು ತಿರುಗಿಸಿದರು. ಮತ್ತೆ ನನ್ನ ಕಡೆ ತಿರುಗಿದರು. 

“ಥೂ,” ಎಂದರು ಕೊನೆಗೆ. “ಗೊತ್ತು ಅಂತ ಗೊತ್ತಿದ್ರೂ ನಿನ್ನ ಮುಂದೆ ಆಗಲ್ಲಮ್ಮ. ಇನ್ನೂ ಕಷ್ಟ ಆಗೋಯ್ತು.”

ಮೂರನ್ನೂ ಮುರಿದು ಸಿಪ್ಪೆಯ ಬುಟ್ಟಿಗೆ ಹಾಕಿದರು. ಆಮೇಲೆ ಎದುರಿಗೆ ಕುಳಿತು, ಮೊರ ತಮ್ಮ ಕಡೆಗೆ ಎಳೆದುಕೊಂಡು, ನಾನು ಬಿಡಿಸಿದ್ದ ಎರಡು ಕಾಯಿಯ ಕಾಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ಕಣ್ಣೊರೆಸಿಕೊಂಡದ್ದು ಅವರಿಗೆ ಕಾಣಲಿಲ್ಲ, ಅಥವಾ ಕಂಡರೂ ಕಾಣದಂತಿದ್ದರು.

ಆಂಟಿ ಕೊನೆಯ ಲಂಗ ಹೆಗಲಿಗೆ ಹಾಕಿಕೊಂಡು ಇಳಿಯಲು ಹೊರಟವರು ಗೋಡೆಯ ಬಳಿ ಒಂದು ಕ್ಷಣ ನಿಂತರು.

“ನಾಳೆಯಿಂದ ನಮ್ಮನೆಯೋರ್ನೂ ಮೇಲೆ ಕಳಿಸ್ತೀನಿ ಮಾ, ನೀವು ಹಿಂಗೇ ಎದುರಿಗೆ ಕೂತ್ಕೊಳ್ಳಿ ಸಾಕು. ನಾನ್ ಎದುರಿಗೆ ಬಂದ್ರೆ ಅವ್ರಿಗೆ ಇನ್ನೊಂದು ಹಚ್ಬೇಕು ಅನ್ಸುತ್ತಂತೆ.”